ಓಪನ್ ಸೋರ್ಸ್ ಮೇಲೆ ಕ್ಲೋಸ್ಡ್ ಮಾಡ್ಯೂಲ್: ಮಾರುವ ಮುನ್ನ ಲೈಸೆನ್ಸ್ ಸರಿಪಡಿಸಿಕೊಳ್ಳುವ ಬಗೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೆ ಸ್ಟಾಕ್ ಲೆಕ್ಕ, ಮುಧೋಳ ಭಾಗದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಕಾಟಾ, ವಿಜಯಪುರದ ಕೋಲ್ಡ್ ಸ್ಟೋರೇಜ್‌ಗೆ ಒಣದ್ರಾಕ್ಷಿ ಬಾಕ್ಸ್‌ಗಳ ಆವಕ-ಜಾವಕ. ಈ ಮೂರು ಜಿಲ್ಲೆಗಳ ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೆ ಬರುವ ಕೆಲಸ ಹೆಚ್ಚುಕಡಿಮೆ ಇಂಥದ್ದು. ಎಲ್ಲವನ್ನೂ ಮೊದಲಿನಿಂದ ಬರೆಯುವವರು ಯಾರೂ ಇಲ್ಲ. ಕೆಳಗೆ ವ್ಯವಹಾರದ ಲೆಕ್ಕ ನೋಡುವ ಇಆರ್‌ಪಿನೆಕ್ಸ್ಟ್ ಅಥವಾ ಓಡೂ, ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಅಥವಾ ಲಿನಕ್ಸ್‌ನಂಥ ಓಪನ್ ಸೋರ್ಸ್ ಸಾಫ್ಟ್‌ವೇರ್ ಇರುತ್ತದೆ, ಮೇಲೆ ತಮ್ಮದೊಂದು ಮಾಡ್ಯೂಲ್ ಕೂಡುತ್ತದೆ. ಅದರ ಸೋರ್ಸ್ (ಮೂಲ ಕೋಡ್) ಕೊಡದೆ, ಅಂದರೆ ಕ್ಲೋಸ್ಡ್ ಆಗಿ, ಮಾರಬಹುದೇ ಎಂಬ ಪ್ರಶ್ನೆ ಏಳುವುದು ಬಹಳ ಸಲ ಬಿಲ್ ಮಾಡುವ ದಿನ. ಅಷ್ಟೊತ್ತಿಗೆ ಉತ್ತರ ಕೋಡ್‌ನೊಳಗೆ ಬರೆದುಹೋಗಿರುತ್ತದೆ. ಕೆಳಗಿರುವುದರ ಲೈಸೆನ್ಸ್ ಯಾವುದು, ನಿಮ್ಮ ಮಾಡ್ಯೂಲ್ ಅದಕ್ಕೆ ಹೇಗೆ ಅಂಟಿಕೊಂಡಿದೆ, ಯಾರ ಕೈಗೆ ಹೋಗುತ್ತದೆ ಎಂಬ ಮೂರೂ ಮೊದಲ ಸಾಲು ಬರೆಯುವ ಮುನ್ನವೇ ಇತ್ಯರ್ಥವಾಗಬೇಕು.

ಉದಾಹರಣೆಗೆ ಒಂದು ಕಾಟಾ ಮಾಡ್ಯೂಲ್ ಇಟ್ಟುಕೊಳ್ಳೋಣ. ಕಬ್ಬಿನ ಟ್ರ್ಯಾಕ್ಟರ್ ಕಾಟಾ ಹತ್ತಿದಾಗ ಇಂಡಿಕೇಟರ್‌ನಿಂದ ಆರ್‌ಎಸ್-232 ಕೇಬಲ್ ಮೂಲಕ ತೂಕ ಓದಬೇಕು, ಕ್ಯಾಮೆರಾದಿಂದ ಗಾಡಿ ನಂಬರ್ ಹಿಡಿಯಬೇಕು, ತುಂಬಿದ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದು ಇಆರ್‌ಪಿನೆಕ್ಸ್ಟ್‌ಗೆ ಬರೆಯಬೇಕು, ರೈತರಿಗೆ ಕನ್ನಡದಲ್ಲಿ ತೂಕದ ಚೀಟಿ ಕೊಡಬೇಕು. ಇದು ನಾಲ್ಕು ಭಾಗಗಳ ಕೆಲಸ, ಲೈಸೆನ್ಸ್ ದೃಷ್ಟಿಯಲ್ಲಿ ನಾಲ್ಕೂ ಬೇರೆ ಬೇರೆ.

ಹಂತ 1: ಯಾವುದು ಯಾರ ಕೈ ಸೇರುತ್ತದೆ ಎಂದು ಬರೆದಿಡಿ

ಜಿಪಿಎಲ್ ಎಂಬುದು ಪ್ರೋಗ್ರಾಂ ಹಂಚುವವರು ಸೋರ್ಸ್ ಕೂಡ ಕೊಡಬೇಕೆನ್ನುವ ಓಪನ್ ಸೋರ್ಸ್ ಲೈಸೆನ್ಸ್. ಅದರ ಹೊಣೆಗಳು ಹುಟ್ಟುವುದು ಪ್ರತಿಯನ್ನು ಇನ್ನೊಬ್ಬರಿಗೆ ಕೊಟ್ಟಾಗ. ನಿಮ್ಮ ಕಚೇರಿಯೊಳಗೆ ಬಳಸಿಕೊಂಡರೆ ಸೋರ್ಸ್ ಯಾರಿಗೂ ಕೊಡಬೇಕಿಲ್ಲ. ಕೊಟ್ಟಾಗಲೂ ಲೋಕಕ್ಕೆಲ್ಲ ಹಂಚಬೇಕೆಂದಿಲ್ಲ. ಪ್ರೋಗ್ರಾಂ ಪಡೆದವರಿಗೆ ಸೋರ್ಸ್ ಸಿಗಬೇಕು, ಅವರು ಅದನ್ನು ಮುಂದಕ್ಕೆ ಹಂಚುವುದನ್ನು ನೀವು ತಡೆಯುವಂತಿಲ್ಲ. ದುಡ್ಡು ತೆಗೆದುಕೊಳ್ಳುವುದಕ್ಕೂ ಅಡ್ಡಿಯಿಲ್ಲ. ‘ಓಪನ್ ಸೋರ್ಸ್ ಆದ್ದರಿಂದ ಪುಕ್ಕಟೆ ಕೊಡಬೇಕು’ ಎಂದು ಗ್ರಾಹಕರು ವಾದಿಸಿದರೆ ಅದು ಲೈಸೆನ್ಸ್‌ನಲ್ಲಿ ಇಲ್ಲದ ಮಾತು.

ಕಾರ್ಖಾನೆಯ ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಮಾಡಿದರೆ ಕೊಟ್ಟಂತೆ. ಕಾರ್ಖಾನೆಯ ಹೆಸರಿನ ಕ್ಲೌಡ್ ಖಾತೆಗೆ ಹಾಕಿ ಕೀಲಿ ಒಪ್ಪಿಸಿದರೂ ಕೊಟ್ಟಂತೆಯೇ. ನಿಮ್ಮದೇ ಸರ್ವರ್‌ನಲ್ಲಿಟ್ಟು ಬ್ರೌಸರ್‌ನಲ್ಲಿ ಬಳಸಲು ಬಿಟ್ಟರೆ ಜಿಪಿಎಲ್ ಪ್ರಕಾರ ಸರ್ವರ್ ಕೋಡ್ ಕೊಟ್ಟಂತಲ್ಲ. ಆದರೆ ಬ್ರೌಸರ್‌ಗೆ ಇಳಿಯುವ ಜಾವಾಸ್ಕ್ರಿಪ್ಟ್ ಗ್ರಾಹಕರ ಯಂತ್ರಕ್ಕೆ ಹೋಗುತ್ತದೆ, ಅದು ಕೊಟ್ಟದ್ದೇ. ಜಿಪಿಎಲ್‌ನ ಬಿಗಿಯಾದ ರೂಪವಾದ ಎಜಿಪಿಎಲ್ ಇದ್ದರೆ ಲೆಕ್ಕ ಬದಲಾಗುತ್ತದೆ: ಅದರ 13ನೇ ಕಲಂ ಪ್ರಕಾರ ನೀವು ಬದಲಿಸಿದ ಪ್ರೋಗ್ರಾಂ ಅನ್ನು ನೆಟ್‌ವರ್ಕ್ ಮೂಲಕ ಬಳಸುವವರಿಗೂ ಸೋರ್ಸ್ ಪಡೆಯುವ ದಾರಿ ತೋರಿಸಬೇಕು.

ಹಂತ 2: ಪಟ್ಟಿ

ಬಳಸಿದ ಪ್ರತಿಯೊಂದು ಲೈಬ್ರರಿಗೆ (ಹೊರಗಿನಿಂದ ತಂದ ಸಿದ್ಧ ಕೋಡ್‌ಗೆ) ಒಂದು ಸಾಲು. ಹೆಸರು, ಆವೃತ್ತಿ, ಲೈಸೆನ್ಸ್, ಎಲ್ಲಿಂದ ತಂದದ್ದು, ನಾವು ತಿದ್ದಿದ್ದೇವೆಯೇ, ನಮ್ಮ ಕೋಡ್‌ಗೆ ಹೇಗೆ ಸೇರಿದೆ, ಯಾರಿಗೆ ಹೋಗುತ್ತದೆ: ಒಟ್ಟು ಏಳು ಕಾಲಂ. ಲೈಸೆನ್ಸ್ ಕಾಲಂನಲ್ಲಿ ಎಸ್‌ಪಿಡಿಎಕ್ಸ್ ಹೆಸರನ್ನೇ (ಲೈಸೆನ್ಸ್‌ಗಳಿಗಿರುವ ಪ್ರಮಾಣಿತ ಚಿಕ್ಕ ಹೆಸರನ್ನು) ಹಾಕಿ. ಬರೀ ‘ಜಿಪಿಎಲ್’ ಎಂದು ಬರೆದರೆ ಉಪಯೋಗವಿಲ್ಲ, ಏಕೆಂದರೆ ‘ಜಿಪಿಎಲ್-2.0-ಓನ್ಲಿ’ ಮತ್ತು ‘ಜಿಪಿಎಲ್-2.0-ಆರ್-ಲೇಟರ್’ ನಡುವೆ ದೊಡ್ಡ ಅಂತರವಿದೆ. ಮೊದಲನೆಯದನ್ನು ಅಪಾಚೆ 2.0 ಲೈಸೆನ್ಸ್‌ನ ಕೋಡ್ ಜೊತೆ ಒಂದೇ ಪ್ರೋಗ್ರಾಂನಲ್ಲಿ ಬೆರೆಸಿ ಹಂಚಲಾಗದು ಎಂಬುದು ಜಿಪಿಎಲ್ ಹೊರತಂದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ನಿಲುವು. ಎರಡನೆಯದನ್ನು 3ನೇ ಆವೃತ್ತಿಯಡಿ ತೆಗೆದುಕೊಂಡರೆ ಬೆರೆಸಬಹುದು.

ಕೈಯಿಂದ ಹುಡುಕುತ್ತ ಕೂರಬೇಡಿ. ಪೈಥಾನ್‌ಗೆ ಪಿಪ್-ಲೈಸೆನ್ಸಸ್, ನೋಡ್‌ಗೆ ಲೈಸೆನ್ಸ್-ಚೆಕರ್, ಪಿಎಚ್‌ಪಿಗೆ ‘ಕಂಪೋಸರ್ ಲೈಸೆನ್ಸಸ್’ ಆದೇಶ ಇವೆ. ಇವು ಪ್ಯಾಕೇಜ್ ತನ್ನ ಬಗ್ಗೆ ತಾನೇ ಬರೆದುಕೊಂಡದ್ದನ್ನು ಒಪ್ಪಿಸುತ್ತವೆ, ಅಷ್ಟೇ. ಫೈಲ್‌ಗಳ ಒಳಗೆ ನಕಲಾಗಿ ಬಂದ ಕೋಡ್ ಹಿಡಿಯಲು ಸ್ಕ್ಯಾನ್‌ಕೋಡ್ ಅಥವಾ ಫಾಸಾಲಜಿ ಓಡಿಸಬೇಕು.

ತಪ್ಪಿಹೋಗುವ ವಸ್ತುಗಳು ಹೆಚ್ಚಾಗಿ ಇವು. ಗಿಟ್‌ಹಬ್‌ನಿಂದ ತಂದ, ಲೈಸೆನ್ಸ್ ಫೈಲೇ ಇಲ್ಲದ ಕೋಡ್: ಲೈಸೆನ್ಸ್ ಇಲ್ಲ ಎಂದರೆ ಬಳಸಲು ಅನುಮತಿಯೂ ಇಲ್ಲ. ಸ್ಟಾಕ್ ಓವರ್‌ಫ್ಲೋದಿಂದ ಅಂಟಿಸಿದ ತುಣುಕು: ಅದು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ (ಮೂಲದ ಹೆಸರು ಹೇಳಿ, ಅದೇ ಲೈಸೆನ್ಸ್‌ನಲ್ಲಿ ಹಂಚಬೇಕೆನ್ನುವ ಲೈಸೆನ್ಸ್) ಅಡಿ ಬರುತ್ತದೆ, ದೊಡ್ಡ ತುಣುಕಾದರೆ ಕ್ಲೋಸ್ಡ್ ಕೋಡ್‌ಗೆ ಹೊಂದುವುದಿಲ್ಲ, ಓದಿ ತಿಳಿದು ನೀವೇ ಬರೆಯಿರಿ. ಡಾಕರ್ ಇಮೇಜ್‌ನ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದೆಲ್ಲ ತುಂಬಿದ ಪೊಟ್ಟಣದ) ಒಳಗಿರುವ ಇಡೀ ಆಪರೇಟಿಂಗ್ ಸಿಸ್ಟಂ. ತೂಕದ ಚೀಟಿಯ ಫಾಂಟ್: ನೋಟೊ ಸ್ಯಾನ್ಸ್ ಕನ್ನಡ ಓಪನ್ ಫಾಂಟ್ ಲೈಸೆನ್ಸ್ ಅಡಿ ಇದೆ, ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ.

ಲೈಸೆನ್ಸ್ ನೋಡುವಾಗ ಆ ಆವೃತ್ತಿಯ ಒಳಗಿನ ಫೈಲ್ ನೋಡಿ, ವೆಬ್‌ಸೈಟ್‌ನ ಮುಖಪುಟ ಅಲ್ಲ. ಓಡೂ 8 ಎಜಿಪಿಎಲ್‌ನಲ್ಲಿತ್ತು, 9ರಿಂದ ಕಮ್ಯುನಿಟಿ ಆವೃತ್ತಿ ಜಿಪಿಎಲ್‌ಗಿಂತ ಸಡಿಲವಾದ ಎಲ್‌ಜಿಪಿಎಲ್ 3ಕ್ಕೆ ಬಂತು. ಹಳೆಯ ಗ್ರಾಹಕರ ಬಳಿ ಇನ್ನೂ 8 ಓಡುತ್ತಿದ್ದರೆ ಹೊಸದರ ನಿಯಮ ಅಲ್ಲಿ ನಡೆಯುವುದಿಲ್ಲ.

ಹಂತ 3: ಗುಂಪು ಮಾಡಿ

ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಎಂಬ ಸಡಿಲ ಲೈಸೆನ್ಸ್‌ಗಳು ಇದ್ದರೆ ನಿಮ್ಮ ಕೋಡ್ ಮುಚ್ಚಿಡಲು ತೊಂದರೆಯಿಲ್ಲ. ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಜೊತೆಗಿರಲಿ. ಅಪಾಚೆಯಲ್ಲಿ ನೋಟಿಸ್ ಫೈಲ್ ಇದ್ದರೆ ಅದೂ ಇರಲಿ, ತಿದ್ದಿದ ಫೈಲ್‌ಗಳಲ್ಲಿ ತಿದ್ದಿದ್ದೇವೆಂದು ಬರೆಯಿರಿ. ಎಂಪಿಎಲ್ 2.0ರ ಹಿಡಿತ ಫೈಲ್ ಮಟ್ಟದ್ದು, ಆ ಫೈಲ್‌ಗಳ ಸೋರ್ಸ್ ಕೊಟ್ಟರೆ ಸಾಕು.

ಎಲ್‌ಜಿಪಿಎಲ್‌ನಲ್ಲಿ ನಿಮ್ಮ ಕೋಡ್ ಮುಚ್ಚಿಡಬಹುದು, ಆದರೆ ಗ್ರಾಹಕರು ಆ ಲೈಬ್ರರಿಯನ್ನು ತಿದ್ದಿ, ಬದಲಿಸಿ, ಮತ್ತೆ ಓಡಿಸುವಂತಿರಬೇಕು. ಡೆಸ್ಕ್‌ಟಾಪ್ ಪ್ರೋಗ್ರಾಂ ಮಾಡುವವರು ಇಲ್ಲೇ ಎಡವುತ್ತಾರೆ. ಕಾಟಾ ಮುಂದೆ ಕೂರುವ ಗುಮಾಸ್ತರ ಪರದೆಗೆ ಪೈಕ್ಯೂಟಿ (ಪೈಥಾನ್‌ನಿಂದ ಕ್ಯೂಟಿ ಪರದೆಗಳನ್ನು ಕಟ್ಟುವ ಲೈಬ್ರರಿ) ಬಳಸಿದರೆ ಅದು ಜಿಪಿಎಲ್ 3, ಇಲ್ಲವಾದರೆ ದುಡ್ಡು ಕೊಟ್ಟು ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಪೈಸೈಡ್6 ಬಹುತೇಕ ಅದೇ ಕೆಲಸ ಮಾಡುತ್ತದೆ, ಎಲ್‌ಜಿಪಿಎಲ್ 3ರಲ್ಲಿ ಸಿಗುತ್ತದೆ. ಪ್ಯಾಕ್ ಮಾಡುವಾಗ ಪೈಇನ್‌ಸ್ಟಾಲರ್‌ನ ಒಂದೇ-ಫೈಲ್ ವಿಧಾನ ಬಿಟ್ಟು ಫೋಲ್ಡರ್ ವಿಧಾನ ಹಿಡಿಯಿರಿ. ಕ್ಯೂಟಿ ಲೈಬ್ರರಿ ಬೇರೆ ಫೈಲ್ ಆಗಿ ಕಾಣುತ್ತದೆ, ಬದಲಿಸಲು ಬರುತ್ತದೆ.

ಜಿಪಿಎಲ್ ಮತ್ತು ಎಜಿಪಿಎಲ್ ಕೊನೆಯ ಗುಂಪು. ಇಆರ್‌ಪಿನೆಕ್ಸ್ಟ್ ಜಿಪಿಎಲ್ 3, ವರ್ಡ್‌ಪ್ರೆಸ್ ಜಿಪಿಎಲ್ 2 ಅಥವಾ ನಂತರದ್ದು, ಕಾಲೇಜುಗಳು ಬಳಸುವ ಮೂಡಲ್ ಜಿಪಿಎಲ್ 3 ಅಥವಾ ನಂತರದ್ದು. ಪಿಡಿಎಫ್ ಕೆಲಸಕ್ಕೆ ಸೇರಿಕೊಳ್ಳುವ ಐಟೆಕ್ಸ್ಟ್ 5 ಮತ್ತು ಮುಂದಿನವು, ಪೈಮುಪಿಡಿಎಫ್, ಘೋಸ್ಟ್‌ಸ್ಕ್ರಿಪ್ಟ್ ಎಜಿಪಿಎಲ್. ಗಾಡಿ ನಂಬರ್ ಹಿಡಿಯಲು ಹುಡುಗರು ಮೊದಲು ಇಳಿಸಿಕೊಳ್ಳುವ ಅಲ್ಟ್ರಾಲಿಟಿಕ್ಸ್ ಯೋಲೋ ಕೂಡ ಎಜಿಪಿಎಲ್ 3. ಅದನ್ನು ನಿಮ್ಮ ಪ್ರೋಗ್ರಾಂ ಒಳಗೆ ಸೇರಿಸಿದಿರೋ, ಆ ಪ್ರೋಗ್ರಾಂ ಮುಚ್ಚಿಡುವ ಮಾತು ಮುಗಿಯಿತು. ಬದಲಿಗೆ ಓಪನ್‌ಸಿವಿ ಮತ್ತು ಟೆಸರಾಕ್ಟ್ ಇವೆ, ಎರಡೂ ಅಪಾಚೆ 2.0. ದೂಳು ಮೆತ್ತಿದ ಟ್ರ್ಯಾಕ್ಟರ್ ಪ್ಲೇಟ್ ಓದುವುದರಲ್ಲಿ ಅವು ಯೋಲೋದಷ್ಟು ಚುರುಕಲ್ಲ ಎಂಬುದೂ ನಿಜ. ಗುಣಮಟ್ಟ ಬೇಕೇಬೇಕೆಂದರೆ ವಾಣಿಜ್ಯ ಲೈಸೆನ್ಸ್ ಬೆಲೆಯನ್ನು ಕೊಟೇಶನ್‌ನಲ್ಲೇ ಹಾಕಿ.

ಹಂತ 4: ಗಡಿ ಎಳೆಯುವುದು

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ನಿಮ್ಮ ಮಾಡ್ಯೂಲ್ ಸ್ವತಂತ್ರ ಕೃತಿಯೋ, ಕೆಳಗಿನ ಜಿಪಿಎಲ್ ಪ್ರೋಗ್ರಾಂ ಜೊತೆ ಸೇರಿ ಒಂದೇ ಕೃತಿಯೋ ಎಂಬುದೇ ಪ್ರಶ್ನೆ. ಲೈಸೆನ್ಸ್ ಪಠ್ಯ ತಾಂತ್ರಿಕವಾಗಿ ಗೆರೆ ಎಳೆದು ಕೊಡುವುದಿಲ್ಲ, ಕೊನೆಗೆ ತೀರ್ಮಾನಿಸುವುದು ಕಾಪಿರೈಟ್ ಕಾನೂನು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ನಿಲುವನ್ನು ಎಚ್ಚರಿಕೆಯ ಗೆರೆಯೆಂದು ಇಟ್ಟುಕೊಳ್ಳಿ: ಒಂದೇ ಪ್ರೊಸೆಸ್‌ನಲ್ಲಿ ಓಡುತ್ತ, ಪರಸ್ಪರ ಫಂಕ್ಷನ್ ಕರೆಯುತ್ತ, ಡೇಟಾ ರಚನೆಗಳನ್ನು ಹಂಚಿಕೊಂಡರೆ ಒಂದೇ ಕೃತಿ. ಪೈಪ್, ಸಾಕೆಟ್, ಕಮಾಂಡ್ ಲೈನ್ ಮೂಲಕ ಮಾತಾಡಿಕೊಂಡರೆ ಸಾಮಾನ್ಯವಾಗಿ ಬೇರೆ ಬೇರೆ. ‘ಸಾಮಾನ್ಯವಾಗಿ’ ಎಂಬುದನ್ನು ಮರೆಯಬೇಡಿ. ಒಳಗಿನ ರಚನೆಗಳನ್ನೆಲ್ಲ ಸಾಕೆಟ್ ಮೇಲೆ ಸಾಗಿಸಿ ‘ಬೇರೆ ಪ್ರೊಸೆಸ್’ ಎಂದು ವಾದಿಸಿದರೆ ಅದು ಮುಸುಕು ಹಾಕಿದ ಒಂದೇ ಪ್ರೋಗ್ರಾಂ.

ಕಾಟಾ ಮಾಡ್ಯೂಲನ್ನು ಹೀಗೆ ಸೀಳಬಹುದು. ಕಾಟಾ ಕೋಣೆಯ ಕಂಪ್ಯೂಟರ್‌ನಲ್ಲಿ ಒಂದು ಸ್ವತಂತ್ರ ಪ್ರೋಗ್ರಾಂ ಇರಲಿ. ಇಂಡಿಕೇಟರ್ ಓದುವುದು, ತೂಕ ಸ್ಥಿರವಾಗುವವರೆಗೆ ಕಾಯುವುದು, ಗಾಡಿ ಪೂರ್ತಿ ಕಾಟಾ ಮೇಲಿದೆಯೇ ಎಂದು ಪರೀಕ್ಷಿಸುವುದು, ಕಳ್ಳತೂಕ ಹಿಡಿಯುವ ಲೆಕ್ಕ ಎಲ್ಲ ಅದರೊಳಗೆ. ಸೀರಿಯಲ್ ಪೋರ್ಟ್ ಓದಲು ಪೈಸೀರಿಯಲ್ ಸಾಕು, ಅದು ಬಿಎಸ್‌ಡಿ. ಇದು ನಿಮ್ಮ ಕ್ಲೋಸ್ಡ್ ಪ್ರೋಗ್ರಾಂ. ಇಆರ್‌ಪಿನೆಕ್ಸ್ಟ್ ಬದಿಗೆ ಒಂದು ತೆಳುವಾದ ಆ್ಯಪ್: ತೂಕದ ಚೀಟಿಯ ಡಾಕ್‌ಟೈಪ್ (ದಾಖಲೆಯ ನಮೂನೆ), ಖರೀದಿ ರಸೀದಿಗೆ ಜೋಡಣೆ, ಪ್ರಿಂಟ್ ಫಾರ್ಮ್ಯಾಟ್. ಇದನ್ನು ಜಿಪಿಎಲ್ 3ರಲ್ಲಿ ಸೋರ್ಸ್ ಸಮೇತ ಕೊಡಿ. ನಡುವೆ ರೆಸ್ಟ್ ಎಪಿಐ (ಎರಡು ಪ್ರೋಗ್ರಾಂಗಳು ವೆಬ್ ರೀತಿಯಲ್ಲಿ ಮಾತಾಡುವ ದಾರಿ) ಮೂಲಕ ಹೋಗುವುದು ಗಾಡಿ ನಂಬರ್, ತುಂಬಿದ ತೂಕ, ಖಾಲಿ ತೂಕ, ಸಮಯ, ರೈತರ ಕೋಡ್. ಐದು ಸಂಗತಿಗಳ ಒಂದು ಜೇಸನ್ ಸಂದೇಶ. ಬೇರೆ ಯಾವುದೇ ಇಆರ್‌ಪಿ ಹಾಕಿದರೂ ಈ ಪ್ರೋಗ್ರಾಂ ಹೀಗೇ ನಡೆಯುತ್ತದೆ ಎಂದಾದರೆ ನಿಮ್ಮ ಗಡಿ ಗಟ್ಟಿಯಾಗಿದೆ.

ಇಆರ್‌ಪಿನೆಕ್ಸ್ಟ್ ಬಗ್ಗೆ ಇನ್ನೊಂದು ಸೂಕ್ಷ್ಮವಿದೆ. ಅದು ನಿಂತಿರುವ ಫ್ರಾಪೆ ಫ್ರೇಮ್‌ವರ್ಕ್ ಎಂಐಟಿ ಲೈಸೆನ್ಸ್‌ನದು. ನಿಮ್ಮ ಆ್ಯಪ್ ಬರೀ ಫ್ರಾಪೆ ಮೇಲೆ ನಿಂತು, ಇಆರ್‌ಪಿನೆಕ್ಸ್ಟ್‌ನಿಂದ ಏನನ್ನೂ ಇಂಪೋರ್ಟ್ ಮಾಡದಿದ್ದರೆ ಮುಚ್ಚಿಡಲು ಅವಕಾಶವಿದೆ. ಕೋಲ್ಡ್ ಸ್ಟೋರೇಜ್‌ನ ಆವಕ-ಜಾವಕ ಇಂಥ ಕೆಲಸ, ಇಆರ್‌ಪಿನೆಕ್ಸ್ಟ್ ಇಲ್ಲದೆಯೂ ಮಾಡಬಹುದು. ಆದರೆ ಒಂದೇ ಒಂದು ಕಡೆ ಇಆರ್‌ಪಿನೆಕ್ಸ್ಟ್‌ನ ಸೇಲ್ಸ್ ಇನ್ವಾಯ್ಸ್ ಕ್ಲಾಸನ್ನು ವಿಸ್ತರಿಸಿದರೆ ಜಿಪಿಎಲ್ ಒಳಗೆ ಬಂತು. ಆ್ಯಪ್ ಎಲ್ಲೆಲ್ಲಿ ಜೋಡಿಕೊಳ್ಳುತ್ತದೆ ಎಂದು ಬರೆದಿರುವ ಹುಕ್ಸ್ ಫೈಲ್‌ನಲ್ಲಿ ಡಾಕ್‌ಟೈಪ್ ಕ್ಲಾಸ್ ಓವರ್‌ರೈಡ್ ಇದೆಯೇ ನೋಡಿ, ಆಮೇಲೆ ಇಡೀ ಆ್ಯಪ್‌ನಲ್ಲಿ ‘ಇಆರ್‌ಪಿನೆಕ್ಸ್ಟ್’ ಪದವನ್ನು ಹುಡುಕಿ. ಐದು ನಿಮಿಷದ ಪರೀಕ್ಷೆ.

ಓಡೂದಲ್ಲಿ ತೊಂದರೆ ಬೇರೆ ಕಡೆಯಿಂದ ಬರುತ್ತದೆ. ಮೂಲ ಎಲ್‌ಜಿಪಿಎಲ್ ಆದ್ದರಿಂದ ಕ್ಲೋಸ್ಡ್ ಮಾಡ್ಯೂಲ್‌ಗೆ ಜಾಗವಿದೆ. ಆದರೆ ಮಾಡ್ಯೂಲ್‌ನ ವಿವರವಿರುವ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಲೈಸೆನ್ಸ್ ಸಾಲು ಬಿಟ್ಟರೆ ಓಡೂ ಅದನ್ನು ಎಲ್‌ಜಿಪಿಎಲ್-3 ಎಂದೇ ಎಣಿಸುತ್ತದೆ. ಮುಚ್ಚಿಡುವುದಾದರೆ ಅಲ್ಲಿ ‘ಒಪಿಎಲ್-1’ ಅಥವಾ ‘ಅದರ್ ಪ್ರೊಪ್ರೈಟರಿ’ ಎಂದು ಬರೆಯಲೇಬೇಕು. ಎರಡನೆಯದು ‘ಡಿಪೆಂಡ್ಸ್’, ಅಂದರೆ ನಿಮ್ಮ ಮಾಡ್ಯೂಲ್ ಅವಲಂಬಿಸಿದ ಇತರ ಮಾಡ್ಯೂಲ್‌ಗಳ ಪಟ್ಟಿ. ಓಡೂ ಕಮ್ಯುನಿಟಿ ಅಸೋಸಿಯೇಶನ್‌ನ ಮಾಡ್ಯೂಲ್‌ಗಳಲ್ಲಿ ಬಹಳಷ್ಟು ಎಜಿಪಿಎಲ್-3. ಬರೀ ಒಂದು ವರದಿಯ ಅನುಕೂಲಕ್ಕೆಂದು ಅವುಗಳಲ್ಲೊಂದನ್ನು ಪಟ್ಟಿಗೆ ಸೇರಿಸಿ, ಇಡೀ ಮಾಡ್ಯೂಲನ್ನು ಎಜಿಪಿಎಲ್ ಬಲೆಗೆ ಕೊಡುವುದು ಸಾಮಾನ್ಯ ತಪ್ಪು. ಅವಲಂಬನೆಯ ಅವಲಂಬನೆಯನ್ನೂ ಬಿಚ್ಚಿ ನೋಡಿ.

ವರ್ಡ್‌ಪ್ರೆಸ್ ಪ್ಲಗಿನ್‌ನ ಪಿಎಚ್‌ಪಿ ಕೋಡ್ ಜಿಪಿಎಲ್ ಎಂದೇ ಹಿಡಿಯಿರಿ, ವಾದಕ್ಕೆ ಹೋಗಬೇಡಿ. ಸಿಎಸ್‌ಎಸ್, ಚಿತ್ರಗಳಿಗೆ ಬೇರೆ ಲೈಸೆನ್ಸ್ ಇಡುವವರಿದ್ದಾರೆ, ಆದರೆ ಅಧಿಕೃತ ಪ್ಲಗಿನ್ ಭಂಡಾರ ಅದನ್ನು ಒಪ್ಪುವುದಿಲ್ಲ. ಅಲ್ಲಿ ದುಡಿಮೆ ಇರುವುದು ನಿಮ್ಮ ಸರ್ವರ್‌ನಲ್ಲಿ ಓಡುವ ಸೇವೆಯಲ್ಲಿ ಮತ್ತು ಅಪ್‌ಡೇಟ್ ಚಂದಾದಲ್ಲಿ.

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೆ ಓಡುವ ಮಾಡ್ಯೂಲ್ ಬರೆಯುವ ಯೋಚನೆ ಇದ್ದರೆ ಮೊದಲು ಅದನ್ನು ತಪ್ಪಿಸಿಕೊಳ್ಳುವ ದಾರಿ ಹುಡುಕಿ. ಕರ್ನಲ್ ಜಿಪಿಎಲ್ 2 ಮಾತ್ರ. ಆದರೆ ಸಿಸ್ಟಂ ಕಾಲ್ ಮೂಲಕ ಅದನ್ನು ಬಳಸುವ ಸಾಮಾನ್ಯ ಪ್ರೋಗ್ರಾಂಗಳಿಗೆ ಆ ಲೈಸೆನ್ಸ್ ಹಬ್ಬುವುದಿಲ್ಲ ಎಂದು ಕರ್ನಲ್‌ನಲ್ಲೇ ಬರೆದಿದೆ. ಸೀರಿಯಲ್, ಯುಎಸ್‌ಬಿ ಕೆಲಸ ಬಹುಪಾಲು ಕರ್ನಲ್‌ನ ಹೊರಗೇ ಮುಗಿಯುತ್ತದೆ. ಮಾಡ್ಯೂಲ್ ಬರೆಯಲೇಬೇಕೆಂದರೆ ಮಾಡ್ಯೂಲ್_ಲೈಸೆನ್ಸ್ ಸಾಲಿನಲ್ಲಿ ನಿಜ ಬರೆಯಿರಿ. ‘ಪ್ರೊಪ್ರೈಟರಿ’ ಎಂದರೆ ಎಕ್ಸ್‌ಪೋರ್ಟ್_ಸಿಂಬಲ್_ಜಿಪಿಎಲ್ ಎಂದು ಗುರುತು ಮಾಡಿದ ಫಂಕ್ಷನ್‌ಗಳು ಸಿಗುವುದಿಲ್ಲ, ಲೋಡ್ ಮಾಡುವಾಗ ‘ಅನ್‌ನೋನ್ ಸಿಂಬಲ್’ ದೋಷ ಬರುತ್ತದೆ. ಲೋಡ್ ಆದರೂ ಕರ್ನಲ್‌ಗೆ ಟೇಂಟ್ (ಕಳಂಕ) ಗುರುತು ಬೀಳುತ್ತದೆ: /ಪ್ರೋಕ್/ಸಿಸ್/ಕರ್ನಲ್/ಟೇಂಟೆಡ್ ಫೈಲ್‌ನಲ್ಲಿ ಪ್ರೊಪ್ರೈಟರಿಗೆ 1, ಹೊರಗಿನ ಮಾಡ್ಯೂಲ್‌ಗೆ 4096, ಎರಡೂ ಸೇರಿ 4097. ಆಮೇಲೆ ಕರ್ನಲ್ ಕುಸಿದ ದೂರು ಒಯ್ದರೆ ಡೆವಲಪರ್‌ಗಳು ಕಿವಿಗೊಡುವುದು ಕಷ್ಟ. 2004ರಲ್ಲಿ ಲಿನಕ್ಸಂಟ್ ಎಂಬ ಕಂಪನಿಯ ಮೋಡೆಮ್ ಡ್ರೈವರ್ ಆ ಸಾಲಿನಲ್ಲಿ ‘ಜಿಪಿಎಲ್’ ಎಂದು ಬರೆದು, ಹಿಂದೆಯೇ ಸೊನ್ನೆ ಬೈಟ್ ಇಟ್ಟು ಕರ್ನಲ್‌ನ ಕಣ್ಣು ತಪ್ಪಿಸಿತ್ತು. ಸಿಕ್ಕಿಬಿದ್ದು ಲೋಕಕ್ಕೆಲ್ಲ ಸುದ್ದಿಯಾಯಿತು. ಇಂಥ ಜಾಣತನದಿಂದ ತಿಳಿದೂ ಮಾಡಿದ್ದಕ್ಕೆ ಸಾಕ್ಷಿ ಉಳಿಯುತ್ತದೆ, ಅಷ್ಟೇ ಲಾಭ.

ಒಂದು ಮಾತು ಬೇಸರ ತಂದರೂ ಹೇಳಬೇಕು. ಪೈಥಾನ್, ಪಿಎಚ್‌ಪಿಯಲ್ಲಿ ‘ಕ್ಲೋಸ್ಡ್’ ಎಂದರೆ ಕಣ್ಣಿಗೆ ಕಾಣದ ಕೋಡ್ ಅಲ್ಲ, ನಕಲು ಮತ್ತು ಮರುಮಾರಾಟ ಬೇಡವೆನ್ನುವ ಕರಾರು ಮಾತ್ರ. ಗ್ರಾಹಕರ ಸರ್ವರ್‌ನಲ್ಲಿ ಫೈಲ್ ತೆರೆದರೆ ಎಲ್ಲ ಕಾಣುತ್ತದೆ. ಹಾಗೆಯೇ ಜಿಪಿಎಲ್ ಭಾಗವನ್ನು ಗೊಂದಲಗೊಳಿಸಿದ ಕೋಡ್ ರೂಪದಲ್ಲಿ ಕೊಟ್ಟು ‘ಸೋರ್ಸ್ ಕೊಟ್ಟಿದ್ದೇವೆ’ ಎನ್ನಲಾಗದು. ತಿದ್ದಲು ನೀವೇ ಬಳಸುವ ರೂಪವೇ ಸೋರ್ಸ್.

ಹಂತ 5: ಕೊಡುವ ಪೊಟ್ಟಣ

ಪ್ರತಿ ಡೆಲಿವರಿಯಲ್ಲಿ ‘ಲೈಸೆನ್ಸಸ್’ ಎಂಬ ಫೋಲ್ಡರ್ ಇರಲಿ: ಹಂತ 2ರ ಪಟ್ಟಿ, ಪ್ರತಿ ಲೈಸೆನ್ಸ್‌ನ ಪೂರ್ಣ ಪಠ್ಯ, ಕಾಪಿರೈಟ್ ಸಾಲುಗಳು. ಜಿಪಿಎಲ್, ಎಲ್‌ಜಿಪಿಎಲ್ ಭಾಗಗಳಿಗೆ ಸೋರ್ಸ್ ಜೊತೆ ಬಿಲ್ಡ್ ಸ್ಕ್ರಿಪ್ಟ್ ಕೂಡ ಬೇಕು. ಕೊಟ್ಟ ಆವೃತ್ತಿಯದೇ ಸೋರ್ಸ್ ಆಗಿರಬೇಕು, ಆದ್ದರಿಂದ ಡೆಲಿವರಿ ದಿನ ಗಿಟ್‌ನಲ್ಲಿ ಗ್ರಾಹಕರ ಹೆಸರು ಮತ್ತು ತಾರೀಕಿನ ಟ್ಯಾಗ್ ಹಾಕಿ. ನೀವು ತಿದ್ದಿದ್ದರೆ ಮೂಲ ಯೋಜನೆಯ ಗಿಟ್‌ಹಬ್ ಕೊಂಡಿ ಸಾಲದು, ನಿಮ್ಮ ತಿದ್ದುಪಡಿ ಅಲ್ಲಿಲ್ಲ.

ಸೋರ್ಸ್ ಜೊತೆಗೇ ಕೊಟ್ಟುಬಿಡುವುದು ಸುಲಭ. ಕೊಡದಿದ್ದರೆ ಲಿಖಿತ ಭರವಸೆ ಬೇಕು, ಕನಿಷ್ಠ 3 ವರ್ಷ ಊರ್ಜಿತವಿರಬೇಕು. ಯಂತ್ರದಂಥ ವಸ್ತುವಿನೊಳಗೆ ಇಟ್ಟು ಕೊಟ್ಟಾಗ ಜಿಪಿಎಲ್ 3 ಇನ್ನೂ ಮುಂದೆ ಹೋಗುತ್ತದೆ: ಆ ಮಾಡೆಲ್‌ಗೆ ಬಿಡಿಭಾಗ ಅಥವಾ ಸಪೋರ್ಟ್ ಕೊಡುತ್ತಿರುವಷ್ಟು ಕಾಲವೂ ಭರವಸೆ ನಡೆಯಬೇಕು. ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) ಮೇಲೆ ಬದುಕುವ ನಮ್ಮ ಕಡೆಯ ಕಂಪನಿಗಳಿಗೆ ಇದು ಹತ್ತು ವರ್ಷವೂ ಆಗಬಹುದು.

ಯಾರೂ ಲೆಕ್ಕಕ್ಕೆ ಹಿಡಿಯದ ವಸ್ತು ಎಸ್‌ಡಿ ಕಾರ್ಡ್. ಕಾಟಾ ಕೋಣೆಗೆ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೊಡುವಾಗ ಅದರ ಕಾರ್ಡ್‌ನಲ್ಲಿ ಕರ್ನಲ್, ಬ್ಯಾಶ್, ಕೋರ್‌ಯುಟಿಲ್ಸ್ ಎಲ್ಲವೂ ಹೋಗುತ್ತವೆ, ಹಂಚಿದವರು ನೀವು. ಇಮೇಜ್ ಸಿದ್ಧವಾದ ದಿನವೇ ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳ ಪಟ್ಟಿ ತೆಗೆದು, ಡೆಬ್-ಸೋರ್ಸ್ ಸಾಲುಗಳನ್ನು ತೆರೆದು, ಆಪ್ಟ್ ಮೂಲಕ ಅದೇ ಆವೃತ್ತಿಗಳ ಸೋರ್ಸ್ ಇಳಿಸಿ ಒಂದು ಹಾರ್ಡ್‌ಡಿಸ್ಕ್‌ನಲ್ಲಿಡಿ. ಎರಡು ವರ್ಷ ಬಿಟ್ಟು ಹುಡುಕಿದರೆ ಭಂಡಾರದಲ್ಲಿ ಆ ಆವೃತ್ತಿ ಇರುವುದಿಲ್ಲ.

ಹಂತ 6: ಕಾಗದಪತ್ರ

ಗ್ರಾಹಕರ ಒಪ್ಪಂದದಲ್ಲಿ ‘ಈ ಸಾಫ್ಟ್‌ವೇರ್‌ನ ಯಾವುದೇ ಭಾಗವನ್ನು ನಕಲು ಮಾಡಬಾರದು, ರಿವರ್ಸ್ ಇಂಜಿನಿಯರಿಂಗ್ ಮಾಡಬಾರದು’ ಎಂಬ ಸಾಲು ಎಲ್ಲಿಂದಲೋ ಬಂದು ಕೂತಿರುತ್ತದೆ. ಇಡೀ ಪೊಟ್ಟಣಕ್ಕೆ ಇದನ್ನು ಹೇರಿದರೆ ಜಿಪಿಎಲ್ ಉಲ್ಲಂಘನೆ ಒಪ್ಪಂದದಲ್ಲೇ ಆಗಿಹೋಯಿತು. ‘ಅನುಬಂಧ 1ರಲ್ಲಿರುವ ಮಾಡ್ಯೂಲ್‌ಗಳಿಗೆ ಮಾತ್ರ ಈ ನಿರ್ಬಂಧ, ಅನುಬಂಧ 2ರಲ್ಲಿರುವವಕ್ಕೆ ಆಯಾ ಓಪನ್ ಸೋರ್ಸ್ ಲೈಸೆನ್ಸ್ ಅನ್ವಯ, ಎರಡಕ್ಕೂ ಘರ್ಷಣೆ ಬಂದರೆ ಆ ಲೈಸೆನ್ಸ್‌ನದೇ ಮೇಲುಗೈ’ ಎಂದು ಬದಲಿಸಿ. ಎಲ್‌ಜಿಪಿಎಲ್ ಲೈಬ್ರರಿ ಇದ್ದರೆ, ಅದರ ತಿದ್ದುಪಡಿಯ ದೋಷ ಹುಡುಕಲು ನಿಮ್ಮ ಭಾಗವನ್ನು ರಿವರ್ಸ್ ಇಂಜಿನಿಯರಿಂಗ್ ಮಾಡಲೂ ಅವಕಾಶ ಬಿಡಬೇಕು.

ಮುಚ್ಚಿಡುವ ಕೋಡ್ ನಿಜಕ್ಕೂ ನಿಮ್ಮದೇ? 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ನೌಕರರು ಕೆಲಸದ ಭಾಗವಾಗಿ ಬರೆದದ್ದು ಮಾಲೀಕರದು. ಫ್ರೀಲಾನ್ಸರ್ ಬರೆದದ್ದು ಹಾಗಲ್ಲ, ವಿಟಿಯು ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆಂದು ಬಂದು ಬರೆದುಕೊಟ್ಟದ್ದೂ ಹಾಗಲ್ಲ. ಅವರಿಂದ ಲಿಖಿತ ಹಸ್ತಾಂತರ ಪತ್ರ ಬೇಕು. 19ನೇ ಕಲಂ ಇಲ್ಲಿ ಕಚ್ಚುತ್ತದೆ: ಅವಧಿ ಬರೆಯದಿದ್ದರೆ ಹಸ್ತಾಂತರ 5 ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ‘ಕಾಪಿರೈಟ್‌ನ ಪೂರ್ಣ ಅವಧಿಗೆ, ಜಗತ್ತಿನೆಲ್ಲೆಡೆ’ ಎಂಬ ಮಾತು ಪತ್ರದಲ್ಲಿರಲಿ. ಅವರು ಎಲ್ಲಿಂದಾದರೂ ಕೋಡ್ ತಂದು ಸೇರಿಸಿದ್ದರೆ ಅದರ ಪಟ್ಟಿಯನ್ನೂ ಅದೇ ದಿನ ಬರೆಸಿಕೊಳ್ಳಿ.

ಹಂತ 7: ನೋಟಿಸ್ ಬಂದರೆ

ಜಿಪಿಎಲ್ 2ರಲ್ಲಿ ಉಲ್ಲಂಘಿಸಿದ ಕ್ಷಣ ನಿಮ್ಮ ಹಕ್ಕು ತಾನಾಗಿ ಹೋಗುತ್ತದೆ. 3ರಲ್ಲಿ ಸ್ವಲ್ಪ ಉಸಿರಾಡಲು ಜಾಗವಿದೆ: ಆ ಹಕ್ಕುದಾರರಿಂದ ಮೊದಲ ಬಾರಿ ನೋಟಿಸ್ ಬಂದು 30 ದಿನದೊಳಗೆ ಸರಿಪಡಿಸಿದರೆ ಹಕ್ಕು ಶಾಶ್ವತವಾಗಿ ಮರಳುತ್ತದೆ, ನೀವೇ ಉಲ್ಲಂಘನೆ ನಿಲ್ಲಿಸಿ 60 ದಿನದವರೆಗೆ ಯಾವ ನೋಟಿಸೂ ಬರದಿದ್ದರೂ ಮರಳುತ್ತದೆ. ಆದ್ದರಿಂದ ನೋಟಿಸ್ ತಲುಪಿದ ತಾರೀಕನ್ನು ಲಕೋಟೆ ಮೇಲೆ ಬರೆದಿಡುವುದು ಮೊದಲ ಕೆಲಸ. ಆ ದಿನವೇ ಹೊಸ ಡೆಲಿವರಿ ನಿಲ್ಲಿಸಿ. ಆ ಆವೃತ್ತಿ ಯಾರ್ಯಾರ ಬಳಿ ಇದೆ ಎಂದು ಟ್ಯಾಗ್ ನೋಡಿ ಪಟ್ಟಿ ಮಾಡಿ. ಆಮೇಲೆ ಮೂರರಲ್ಲಿ ಒಂದು ದಾರಿ: ಆ ಭಾಗದ ಸೋರ್ಸ್ ಕೊಡುವುದು, ಅದನ್ನು ಕಿತ್ತು ಬೇರೆ ಹಾಕುವುದು, ಹಕ್ಕುದಾರರಿಂದ ವಾಣಿಜ್ಯ ಲೈಸೆನ್ಸ್ ಕೊಳ್ಳುವುದು. ‘ನಾವು ಸಣ್ಣವರು, ಗೊತ್ತಿರಲಿಲ್ಲ’ ಎಂದು ಉತ್ತರ ಬರೆಯಬೇಡಿ. ಉತ್ತರ ಬರೆಯುವ ಮುನ್ನ ವಕೀಲರಿಗೆ ತೋರಿಸಿ, ತಾಂತ್ರಿಕ ಪಟ್ಟಿ ಮಾತ್ರ ನೀವೇ ಮಾಡಿ. ಅವರಿಗೆ ಹುಕ್ಸ್ ಫೈಲ್ ಓದಲು ಬರುವುದಿಲ್ಲ.

ಕಾಪಿರೈಟ್ ಕಾಯ್ದೆಯ 63ನೇ ಕಲಂನಲ್ಲಿ ತಿಳಿದೂ ಉಲ್ಲಂಘಿಸಿದವರಿಗೆ 6 ತಿಂಗಳಿನಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಗ್ರಾಹಕರು ಗಾಬರಿಯಾಗಿ ಫೋನ್ ಮಾಡಿದರೆ ಅವರಿಗೆ ತಿಳಿಸಬೇಕಾದ ಸಂಗತಿ ಒಂದಿದೆ: ನಿಮ್ಮ ಹಕ್ಕು ಹೋದರೂ, ನಿಮ್ಮಿಂದ ಜಿಪಿಎಲ್ ಭಾಗ ಪಡೆದವರು ನಿಯಮ ಪಾಲಿಸುತ್ತಿರುವವರೆಗೆ ಅವರ ಹಕ್ಕು ಹೋಗುವುದಿಲ್ಲ. ಕಬ್ಬು ನುರಿಸುವ ಹಂಗಾಮಿನ ನಡುವೆ ಕಾಟಾ ನಿಲ್ಲಿಸುವ ಅಗತ್ಯವಿಲ್ಲ.

ಸರಿಪಡಿಸಿದ ಆವೃತ್ತಿ ಕೊಡುವಾಗ ಹಂತ 2ರ ಪಟ್ಟಿಯನ್ನು ಮತ್ತೆ ಓಡಿಸಿ. ತುರ್ತಿನಲ್ಲಿ ಕಿತ್ತುಹಾಕಿದ ಲೈಬ್ರರಿಯ ಜಾಗಕ್ಕೆ ಬಂದದ್ದು ತನ್ನ ಜೊತೆ ಇನ್ನಾರನ್ನೋ ಕರೆತಂದಿರುತ್ತದೆ.